ಜ್ವರದ ತಿಂಗಳನ್ನು ಅಳಿಸಿದ ಅಲಕಾಬಾಯಿ

ಆರೋಗ್ಯ ಇಲಾಖೆಯೆಂಬ ಮಹಾಸಾಗರದಲ್ಲಿ ಹಿರಿಯ ಆರೋಗ್ಯ ಸಹಾಯಕಿಯರು ಅನೇಕರಿದ್ದಾರೆ. ಆದರೆ ಯಾರ ಸ್ಕೂಟಿಯ ಸದ್ದಿಗೆ ಸಾವಳಗಿಯಿಂದ ಬೀಳಗಿಯವರೆಗಿನ ಸೊಳ್ಳೆಗಳು ಸಂಸಾರಸಮೇತ ಗುಳೆ ಹೊರಡುತ್ತಿದ್ದವೋ, ಆ ಶ್ರೀಮತಿ ಅಲಕಾ ದೇಶಪಾಂಡೆಯವರು ಒಬ್ಬರೇ. ಮೂವತ್ತೆರಡು ವರ್ಷಗಳ ಸೇವೆಯಲ್ಲಿ ಆ ಸ್ಕೂಟಿ ಭೂಮಂಡಲವನ್ನು ಏಳು ಸಲ ಸುತ್ತಿದೆ. ಅನುಮಾನವಿದ್ದವರು ಅದರ ಸೀಟು ನೋಡಬಹುದು.

ಸಾವಳಗಿ ಬಳಿಯ ಕುರುಬರ ಓಣಿಗೆ ಅವರು ವರ್ಗವಾಗಿ ಬಂದ ಕಾಲಕ್ಕೆ ಅಲ್ಲಿ ಡೆಂಗಿ ಜ್ವರ ಬೀಗರಂತೆ ವರ್ಷವರ್ಷವೂ ಬಂದು ಉಂಡುಹೋಗುತ್ತಿತ್ತು. ಒಮ್ಮೆ ಓಣಿಯ ರೇವಪ್ಪನವರು ತಂಗಿಯ ಮದುವೆಯ ತಿಥಿ ಹಿಡಿಯಲು ಕುಳಿತಾಗ, “ಶ್ರಾವಣ ಬ್ಯಾಡ್ರಿ, ಅದು ನಮ್ಮ ಜ್ವರದ ತಿಂಗಳ. ಬಡಸಾಕ ಮಂದಿ ಸಿಗೂದಿಲ್ಲ” ಎಂದರು. ಬೀಗರು ತಲೆಯಾಡಿಸಿದರು. ಲಸಿಕೆಯ ಪಟ್ಟಿ ಹಿಡಿದು ಬಂದಿದ್ದ ಅಲಕಾಬಾಯಿಯವರೂ ತಲೆಯಾಡಿಸಿದರು.

ಅದೇ ಶ್ರಾವಣದಲ್ಲಿ ರೇವಪ್ಪನವರ ಏಳು ವರ್ಷದ ಮಗಳು ಮಾಯಾ ಹಾಸಿಗೆ ಹಿಡಿದಳು. ತಾಯಿ ಯಲ್ಲಕ್ಕ ಓಡಿಬಂದರೆ, ಅಲಕಾಬಾಯಿಯವರು, “ಸೀಸನ್ ಜ್ವರ ಅದ ಯಲ್ಲಕ್ಕ, ಮೂರ ದಿನಕ್ಕ ಬಿಡ್ತದ” ಎಂದು ಮುಂದಿನ ಮನೆಗೆ ನಡೆದರು. ನಾಲ್ಕನೆಯ ದಿನ ಮಗುವಿನ ವಸಡಿನಲ್ಲಿ ರಕ್ತ ಒಸರಿತು. ಟಂಟಂ ಆಟೋದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಜಮಖಂಡಿಯ ಆಸ್ಪತ್ರೆ ಮುಟ್ಟಿಸಿದ ಅಲಕಾಬಾಯಿಯವರು, ಎರಡು ದಿನ ಹೊರಗಿನ ಬೆಂಚು ಬಿಟ್ಟೇಳಲಿಲ್ಲ. ಕಿವಿಯಲ್ಲಿ ತಮ್ಮದೇ ಮಾತು: ಮೂರ ದಿನಕ್ಕ ಬಿಡ್ತದ.

ಮಾಯಾ ಕಣ್ಣು ತೆರೆದ ಮೇಲೆ ಅವರು, “ತಪ್ಪು ನಂದು, ಯಲ್ಲಕ್ಕ. ನಿಮ್ಮ ಜೋಡಿ ನನಗೂ ರೂಢಿ ಆಗಿಬಿಟ್ಟಿತ್ತು” ಎಂದರು.

“ಹಂಗಾದ್ರ ರೂಢಿ ಬಿಡಸ್ರಿ, ಬಾಯಾರ.”

ಬಿಡಿಸಿದರು. ಹದಿನಾಲ್ಕು ವರ್ಷ, ಪ್ರತಿ ಶುಕ್ರವಾರ, ಕುರಿಗಳು ನೀರು ಕುಡಿಯುವ ಬಾನಿಯಿಂದ ಹಿಡಿದು ಹಿತ್ತಲ ಹಂಡೆಯವರೆಗೆ ಬರಿದು ಮಾಡಿಸಿ ತಿಕ್ಕಿಸಿದರು. ಆ ಚೆಲ್ಲಿದ ನೀರಿಗೆ ಕೃಷ್ಣೆಯೂ ಹೊಟ್ಟೆಕಿಚ್ಚು ಪಟ್ಟಿರಬೇಕು.

“ಬಂದರು ನೋಡ್ರಿ, ನೀರು ಚೆಲ್ಲೂ ಬಾಯಾರ!” ಎಂದು ರೇವಪ್ಪನವರು ಗೊಣಗಿದರೆ, ಕೈಗೆ ಬ್ರಶ್ಶು ಕೊಟ್ಟು, “ಬೈಕೋತನ ತಿಕ್ಕು, ರೇವಪ್ಪ” ಎನ್ನುತ್ತಿದ್ದರು.

ಕಳೆದ ವರ್ಷ ಅದೇ ಓಣಿಯಲ್ಲಿ ಮಾಯಾಳ ಮದುವೆಯಾಯಿತು, ನಟ್ಟನಡು ಶ್ರಾವಣದಲ್ಲಿ. ಬಡಿಸುವವರು ಉಣ್ಣುವವರಿಗಿಂತ ಹೆಚ್ಚಿದ್ದರು. ಅಕ್ಷತೆ ಹಿಡಿದು ಬಂದ ಅಲಕಾಬಾಯಿಯವರು ಹಂದರದ ಮೂಲೆಯ ನೀರಿನ ಹಂಡೆಯತ್ತ ಹೊರಳಿದ್ದೇ ತಡ, ಬಾಸಿಂಗ ಕಟ್ಟಿಕೊಂಡಿದ್ದ ಮದುಮಗಳು ಅಲ್ಲಿಂದಲೇ ಕೂಗಿದಳು: “ಮುಂಜಾನೆ ನಾನ ತಿಕ್ಕೇನ್ರಿ ಬಾಯಾರ, ಮೊದಲ ಅಕ್ಕಿಕಾಳ ಹಾಕ್ರಿ!”

ಇಂತಹ ಮಾತೃಹೃದಯಿಗಳು ನೂರು ಶ್ರಾವಣಗಳನ್ನು ಕಾಣಲಿ, ಅವರ ಶುಕ್ರವಾರಗಳಿಗೆ ನಿವೃತ್ತಿಯಿಲ್ಲದಿರಲಿ. ಸೊಳ್ಳೆಗಳು ಮಾತ್ರ ಅವರಿಗಿಂತ ಮೊದಲೇ ಸ್ವಯಂನಿವೃತ್ತಿ ಪಡೆಯಲಿ.