ಧೋಂಡಿರಾಮನ ನಲವತ್ತೆರಡು ಚೌಕಟ್ಟುಗಳು

ಕೊಲ್ಹಾಪುರದ ಆ ಚಿತ್ರಕಲಾ ಕಾಲೇಜಿನಲ್ಲಿ ದೀಪಾವಳಿ ರಜೆ ಮುಗಿಯಿತೆಂದರೆ ಪ್ರದರ್ಶನಗಳ ಸುಗ್ಗಿ. ಒಂದು ವಾರ ಜಾಹೀರಾತು ವಿಭಾಗದ ಪೋಸ್ಟರುಗಳು, ಮುಂದಿನ ವಾರ ಸೀರೆಯಂಚಿನ ವಿನ್ಯಾಸಗಳು, ಆಮೇಲೆ ಮೊದಲ ವರ್ಷದವರ ಕೊಡ, ಬದನೆಕಾಯಿ. ಫೆಬ್ರುವರಿಯ ವಾರ್ಷಿಕ ಪ್ರದರ್ಶನ ಮುಗಿಯುವವರೆಗೆ ಗ್ಯಾಲರಿಯ ಗೋಡೆಗೂ ಬಿಡುವಿಲ್ಲ, ಅದಕ್ಕೆ ಮೊಳೆ ಹೊಡೆಯುವ ಧೋಂಡಿರಾಮ ಸುತಾರನಿಗೂ ಬಿಡುವಿಲ್ಲ.

ಪ್ರಿನ್ಸಿಪಾಲರು ಏಳು ಮಂದಿ ಬದಲಾದರು. ಧೋಂಡಿರಾಮ ಬದಲಾಗಲಿಲ್ಲ, ಅವನ ನಲವತ್ತೆರಡು ಸಾಗುವಾನಿ ಚೌಕಟ್ಟುಗಳೂ ಬದಲಾಗಲಿಲ್ಲ. ಎಲ್ಲವೂ ಒಂದೇ ಅಳತೆ. ಚಿತ್ರ ಚಿಕ್ಕದಿದ್ದರೆ ಸುತ್ತ ಬಿಳಿ ರಟ್ಟು ಕೊಡುತ್ತಿದ್ದ, ದೊಡ್ಡದಿದ್ದರೆ ಕತ್ತರಿಸುತ್ತಿದ್ದ. ಹುಡುಗರು ಕೂಗಾಡಿದರೆ ಅವನ ಉತ್ತರ ಸಿದ್ಧ: "ಅಂಗಿ ಹೊಲಿಸೂ ಮುಂದ ಅಳತಿ ಕೊಡ್ತೀಯಿಲ್ಲೋ? ಹಂಗ ಚಿತ್ರಾ ತಗಿಯೂ ಮುಂದ ನನ್ನ ಕೇಳಬೇಕಿತ್ತು. ಚೌಕಟ್ಟು ಬೆಳಿಯೂದಿಲ್ಲಪಾ!"

ಹಾಗೆಂದು ಅವನು ಕಟುಕನಲ್ಲ. ಯಾರೂ ಒಯ್ಯದೆ ಬಿಟ್ಟ ಚಿತ್ರಗಳನ್ನು ರದ್ದಿಗೆ ಹಾಕಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಹೊಸ ಚಿತ್ರದ ಬೆನ್ನಿಗೆ ಹಳೆಯದನ್ನು ಇಟ್ಟು ಹಲಗೆ ಮುಚ್ಚಿಬಿಡುತ್ತಿದ್ದ. ಒಂದೊಂದು ಚೌಕಟ್ಟಿನ ಹೊಟ್ಟೆಯಲ್ಲೂ ಎಷ್ಟೋ ವರ್ಷಗಳ ಹುಡುಗರು ಹೀಗೆ ಒಬ್ಬರ ಹಿಂದೊಬ್ಬರು ಸೇರಿದ್ದರು. ಯಾರ ಚಿತ್ರ ಯಾವುದರಲ್ಲಿದೆ ಎಂಬುದು ಅವನಿಗೆ ಬಾಯಿಪಾಠ. ಕಲಿಸುವವರಿಗೂ ಇಲ್ಲದ ಈ ನೆನಪಿನ ಬಗ್ಗೆ ಅವನಿಗೆ ಒಂದಿಷ್ಟು ಜಂಬವಿತ್ತು. ಇರಲಿ ಬಿಡಿ, ಮೂವತ್ತು ವರ್ಷ ಮೊಳೆ ಹೊಡೆದವನಿಗೆ ಅಷ್ಟಾದರೂ ಬೇಡವೇ?

ಈ ಸಲದ ವಾರ್ಷಿಕ ಪ್ರದರ್ಶನದ ಎರಡನೆಯ ದಿನ, ಮೂರನೆಯ ವರ್ಷದ ರುತುಜಾ ತನ್ನ ತಾಯಿಯನ್ನು ಕರೆತಂದಳು.

"ಕಾಕಾ, ಇಕಿ ನಮ್ಮ ಆಯಿ. ತಾನೂ ಇದ ಕಾಲೇಜಿನ್ಯಾಗ ಇದ್ದೆ, ಭಾರಿ ಚಿತ್ರಾ ತಗೀತಿದ್ದೆ ಅಂತಾಳ. ಮನ್ಯಾಗ ನೋಡಿದ್ರ ರಂಗೋಲಿ ಗೆರಿ ಸುದ್ದಾ ಸೊಟ್ಟ!"

ತಾಯಿ ನಾಚಿ ನಕ್ಕಳು. "ಸುಮ್ನಿರ, ಬಾಯಿಬಡಕಿ. ಕಾಕಾ, ನಾ ನಲಿನಿ ಮಾಳಿ. ಗುರುತ ಸಿಗ್ತೇನ್ರಿ?"

ಮುಖದ ಗುರುತು ಸಿಗಲಿಲ್ಲ. ಹೆಸರು ಕೇಳಿದ್ದೇ ಚಿತ್ರ ಕಣ್ಣಿಗೆ ಬಂತು. "ಬಾವಿ. ಹಗ್ಗ. ಹದಿನೇಳನೇ ಚೌಕಟ್ಟು" ಎಂದ, ಮೀಸೆಯ ಮೇಲೆ ಬೆರಳಾಡಿಸುತ್ತ.

ನಲಿನಿಯ ಕಣ್ಣು ತುಂಬಿ ಬಂತು. "ಇನ್ನೂ ಐತೇನ್ರಿ? ಪ್ರದರ್ಶನ ಒಂದ ವಾರ ಇದ್ದಾಗ ಲಗ್ನಾ ಅಂತ ಊರಿಗೆ ಎಳಕೊಂಡು ಹ್ವಾದ್ರು. ಹೊಳ್ಳಿ ಬರಾಕ ಆಗಲೇ ಇಲ್ಲ. ಅದರಾಗ ನಮ್ಮ ಆಯಿ ಅದಾಳ ಕಾಕಾ, ನೀರು ಸೇದಾಕತ್ತಾಳ. ಇಕಿ ಹುಟ್ಟೂ ಮೊದಲ ತೀರಿ ಹ್ವಾದ್ಲು. ನನ್ನ ಲಗ್ನದ ಫೋಟೋದಾಗೂ ಸೆರಗ ಮೂಗಿನ ತನಕ ಎಳಕೊಂಡು ಕುಂತಾಳ. ಬ್ಯಾರೆ ಫೋಟೋನ ಇಲ್ಲ. ಇಕಿಗೆ ಅಜ್ಜಿ ಮುಖ ತೋರಸೂಣಂತ ಬಂದೆ."

ಧೋಂಡಿರಾಮನ ಬೆರಳು ಮೀಸೆಯಿಂದ ಕೆಳಗಿಳಿಯಿತು. ಆ ಚಿತ್ರ ಚೌಕಟ್ಟಿಗಿಂತ ಒಂದು ಗೇಣು ಅಗಲವಿತ್ತು. ಬಾವಿಯೇ ಮುಖ್ಯವೆಂದು ತಾನೇ ತೀರ್ಮಾನಿಸಿ ಬಲಗಡೆಯದನ್ನು ಕತ್ತರಿಸಿ ಎಸೆದಿದ್ದ. ಕೇಳೋಣವೆಂದರೆ ಹುಡುಗಿ ಕೊಲ್ಹಾಪುರದಲ್ಲಿರಲಿಲ್ಲ.

"ತಪ್ಪಿ ಹೇಳಿದೆ ತಾಯಿ" ಎಂದು ತೊದಲಿದ. "ಅದು... ಅದು ಹ್ವಾದ ವರ್ಷ ರದ್ದಿಗೆ ಹೋತು."

"ಹೌದೇನ್ರಿ" ಎಂದಳು ನಲಿನಿ. ಬಾಗಿಲ ಕಡೆ ನಡೆದಳು. ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅವನ ಹೆಸರಿಗೂ ಮಸಿ ಹತ್ತುತ್ತಿರಲಿಲ್ಲ. ಆದರೆ ಆ ಬೆನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ನಿಲ್ಲ ತಾಯಿ, ಸುಳ್ಳ ಹೇಳಿದೆ!" ಎಂದು ಕೂಗಿದ. ನೋಡುವವರು ನೋಡುತ್ತಿರುವಾಗಲೇ, ಬಹುಮಾನದ ಚೀಟಿ ಅಂಟಿಸಿದ್ದ ಹದಿನೇಳನೇ ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಬೋರಲು ಹಾಕಿ, ಇಕ್ಕಳದಿಂದ ಮೊಳೆ ಕಿತ್ತ. ಎಂಟು ಹಾಳೆ ಬದಿಗಿಟ್ಟ ಮೇಲೆ ಒಂಬತ್ತನೆಯದು ಸಿಕ್ಕಿತು.

ಬಾವಿಯ ಕಟ್ಟೆ, ಬಿಗಿದ ಹಗ್ಗ. ಬಲದಂಚಿನಲ್ಲಿ ಹಗ್ಗ ಹಿಡಿದ ಎರಡು ಕೈಗಳು, ಹಸಿರು ಬಳೆಗಳು. ಅಲ್ಲಿಗೆ ಕಾಗದ ಮುಗಿದಿತ್ತು.

"ಅಯ್ಯ ಆಯಿ, ಏನ್ ಛಲೋ ತಗದೀಯ!" ಎಂದಳು ರುತುಜಾ. "ಬರೇ ಕೈ ತೋರಿಸಿ ಉಳಿದದ್ದ ಬಿಟ್ಟಬಿಟ್ಟಿ! ನಮ್ಮ ಸರ್ ನೋಡಿದ್ರ ಕುಣಿದಾಡ್ತಾರ."

"ನಾ ಬಿಟ್ಟಿಲ್ಲ" ಎಂದಳು ನಲಿನಿ, ಆ ನೇರ ಅಂಚಿನ ಮೇಲೆ ಬೆರಳೆಳೆಯುತ್ತ.

"ನಾ ಕತ್ತರಿಸಿದೆ" ಎಂದ ಧೋಂಡಿರಾಮ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೆಂಚಿನ ಮೇಲೆ ಕೂತು, ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಹೋಗ್ಲಿ ಕಾಕಾ. ನನಗ ಈಗ ಕಣ್ಣ ಮುಚ್ಚಿದ್ರ ಆ ಫೋಟೋದ ಸೆರಗಷ್ಟ ಕಾಣತೈತಿ, ಆಕಿ ಮುಖ ಬರೂದಿಲ್ಲ. ನಿಮಗ ಎಲ್ಲಾ ಚಿತ್ರಾ ನೆನಪಿರತಾವು. ಕತ್ತರಿಸೂ ಮೊದಲ ನೋಡಿರತೀರಿ. ಹೆಂಗ ತಗದಿದ್ದೆ? ಇಕಿಗೆ ಹೇಳ್ರಿ."

ಧೋಂಡಿರಾಮ ಕಣ್ಣು ಮುಚ್ಚಿದ. ಎಲ್ಲವೂ ಬಂತು. ದಪ್ಪ ಕಾಗದ, ಅವತ್ತೇ ಹಾಕಿದ ಹೊಸ ಬ್ಲೇಡು. ಕೆಳಗೆ ನೇರಳೆ ಸೀರೆಯ ಅಂಚು, ಕಲ್ಲಿಗೆ ಒತ್ತಿಟ್ಟ ಒಂದು ಪಾದ, ಬೆರಳಿನ ಬೆಳ್ಳಿ ಕಾಲುಂಗುರ. ಅಳತೆಪಟ್ಟಿ ಜಾರದಂತೆ ಅದರ ಮೇಲೆ ಊರಿದ ತನ್ನದೇ ಮೊಣಕಾಲು. ನೆನಪಿನಲ್ಲಿ ಆ ಪಾದದಿಂದ ಮೇಲಕ್ಕೆ ಹೋಗಲು ನೋಡಿದ. ಮತ್ತೆ ನೋಡಿದ.

"ಮುಖ ನೋಡಿಲ್ಲ ತಾಯಿ" ಎಂದ. "ಗೆರಿ ಎಲ್ಲಿ ಬರತೈತಿ ಅಂತ ಅಷ್ಟ ನೋಡಿದೆ."

ಗ್ಯಾಲರಿಯ ತುಂಬ ಜನರಿದ್ದರು. ಧೋಂಡಿರಾಮ ಇಕ್ಕಳ ಹಿಡಿದು ನಿಂತಲ್ಲೇ ಅತ್ತ.