ಹುಳು ಹಣ್ಣಾದ ದಿನ ಬಾಗಿಲಿಗೆ ಬಂದ ಬೀಗ

ನಾನು ಚಿಕ್ಕವನಿದ್ದಾಗ ಶಿಡ್ಲಘಟ್ಟದ ನಮ್ಮ ಮನೆಗೆ ಎರಡೇ ಕೋಣೆ. ದೊಡ್ಡದರಲ್ಲಿ ರೇಷ್ಮೆಹುಳುಗಳು, ಚಿಕ್ಕದರಲ್ಲಿ ಅಪ್ಪ, ಅಮ್ಮ, ಅಕ್ಕ, ನಾನು. ಎರಡೂ ಬಾಡಿಗೆ ಕೋಣೆಗಳೇ. ನಮಗೆ ಹೊಲವಿರಲಿಲ್ಲ. ಅಪ್ಪ ಸೊಪ್ಪು ಕೊಂಡು ತಂದು ಹುಳು ಸಾಕುತ್ತಿದ್ದರು. ಗೂಡು ಮಾರಿದರೆ ಬಾಡಿಗೆ ಕಟ್ಟೋದು, ಇಲ್ಲದಿದ್ದರೆ ಯಜಮಾನರ ಕಣ್ಣಿಗೆ ಬೀಳದೆ ಓಡಾಡೋದು.

ಆ ಸಲ ಹಿಂದಿನ ಬೆಳೆ ರೋಗ ಬಂದು ಪೂರ್ತಿ ಹೋಗಿತ್ತು. ಬಾಡಿಗೆ ನಿಂತಿತ್ತು. ಒಂದು ಬೆಳಗ್ಗೆ ಮನೆ ಯಜಮಾನರು ಬಂದರು. ಎಂದಿನಂತೆ ಜಗಲಿ ಮೇಲೆ ಕೂರಲಿಲ್ಲ. ನಿಂತುಕೊಂಡೇ, ದೀಪ ಹಚ್ಚೋ ಹೊತ್ತಿಗೆ ದುಡ್ಡು ಬರದಿದ್ದರೆ ಬೀಗ ಹಾಕ್ತೀನಿ ಅಂತ ಹೇಳಿ ಹೋದರು. ಒಳಗಿನ ಹುಳುಗಳು ಇನ್ನೇನು ಗೂಡು ಕಟ್ಟುವ ಹೊತ್ತು. ಆಗ ಅವನ್ನು ಬೇರೆ ಕಡೆ ಸಾಗಿಸಿದರೆ ಬೆಳೆ ಉಳಿಯುವುದಿಲ್ಲ.

ಇನ್ನೊಂದು ಚಿಂತೆಯೂ ಇತ್ತು. ಹುಳು ಗೂಡು ಕಟ್ಟೋಕೆ ಚಂದ್ರಿಕೆ ಬೇಕು. ದೊಡ್ಡ ಬಿದಿರು ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಕಟ್ಟಿರುತ್ತಾರಲ್ಲ, ಅದು. ನಮ್ಮಂಥವರು ಅದನ್ನೂ ಬಾಡಿಗೆಗೇ ತರಬೇಕು. ಕೊಡುತ್ತಿದ್ದವರು ನಮ್ಮ ಹಿಂದಿನ ಬೀದಿಯ ಒಬ್ಬ ಸಾಬರ ಹೆಂಗಸು. ಊರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುತ್ತಿತ್ತು. ಹಿಂದಿನ ಬೆಳೆಯ ಚಂದ್ರಿಕೆ ಬಾಡಿಗೆಯನ್ನೇ ಅಪ್ಪ ಅವರಿಗೆ ಕೊಟ್ಟಿರಲಿಲ್ಲ. ಹಾಗಾಗಿ ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟಿದ್ದರು. ಅವತ್ತು ಬಸ್ ಸ್ಟ್ಯಾಂಡಿಗೂ ಅಪ್ಪ, ನಾನು ಊರು ಸುತ್ತಿಕೊಂಡೇ ಹೋದೆವು.

ಹೊರಟಿದ್ದು ಸಾಲ ಕೇಳೋಕೆ, ಕೆಂಚಾರ್ಲಹಳ್ಳಿಯ ಅಮ್ಮನ ತಮ್ಮನ ಮನೆಗೆ. ಬಸ್ಸಿನಲ್ಲಿ ಕೂತ ಅಪ್ಪನಿಗೆ ಒಂದೇ ಕೆಲಸ. ಟವಲಿನ ತುದಿಯನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಚಿಂತಾಮಣಿಯಲ್ಲಿ ಬಸ್ ಬದಲಿಸುವಾಗ ಬಿಸಿ ಬೋಂಡದ ವಾಸನೆ ಮೂಗಿಗೆ ಬಡಿಯಿತು. ನಾನು ಕೇಳಲಿಲ್ಲ, ಅವರೂ ಆ ಕಡೆ ನೋಡಲಿಲ್ಲ. ನನ್ನ ತಲೆಯಲ್ಲಿ ಇದ್ದಿದ್ದು ಒಂದೇ: ಸೂರ್ಯ ಎಲ್ಲಿದ್ದಾನೆ?

ಮಾವ ಮನೆಯಲ್ಲೇ ಇದ್ದರು. ಅತ್ತೆ ಮುದ್ದೆ, ಹುರುಳಿ ಸಾರು ಬಡಿಸಿದರು. ಊಟವಾದ ಮೇಲೆ ಮಾವ ಎಲೆಅಡಿಕೆ ಮುಂದಿಟ್ಟುಕೊಂಡು ಕೇಳಿದರು.

"ಏನ್ ಭಾವ, ಇಷ್ಟು ದೂರ?"

"ಏನಿಲ್ಲಪ್ಪ. ಹಿಂಗೇ ನೋಡ್ಕೊಂಡು ಹೋಗಣ ಅಂತ."

ನಾನು ಅಪ್ಪನ ಅಂಗಿ ಎಳೆದೆ. ಅವರು ನನ್ನ ಕೈಯನ್ನು ಅದುಮಿ ಹಿಡಿದುಕೊಂಡು ಮಳೆ, ಸೊಪ್ಪಿನ ರೇಟು ಮಾತಾಡಿದರು. ಹೆಂಡತಿಯ ತವರಲ್ಲಿ ಕೈಚಾಚುವುದು ಅಷ್ಟು ಸುಲಭವಲ್ಲ ಮಕ್ಕಳೇ. ಬಾಯಿ ಬಿಡದೆಯೇ ನಾವು ಎದ್ದು ಬಂದೆವು. ಅತ್ತೆ ನನ್ನ ಜೇಬಿಗೆ ಕಡಲೆಕಾಯಿ ತುಂಬಿ ಕಳಿಸಿದರು.

ವಾಪಸು ಬರುವಾಗ ಬಸ್ಸು ಪ್ರತಿ ಊರಲ್ಲೂ ನಿಂತಿತು. ಶಿಡ್ಲಘಟ್ಟದಲ್ಲಿ ಇಳಿದಾಗ ಬಿಸಿಲು ಗೋಡೆಗಳ ತುದಿಗೆ ಹತ್ತಿತ್ತು. ಅಪ್ಪ ಎಷ್ಟು ಜೋರಾಗಿ ನಡೆದರೆಂದರೆ ನಾನು ಓಡಬೇಕಾಯಿತು.

ಮನೆ ಗೋಡೆಗೆ ಚಂದ್ರಿಕೆಗಳು ಸಾಲಾಗಿ ಒರಗಿ ನಿಂತಿದ್ದವು. ಅಪ್ಪ ಅಲ್ಲೇ ನಿಂತುಬಿಟ್ಟರು.

ನಾವು ಹೋದ ಸ್ವಲ್ಪ ಹೊತ್ತಿಗೇ ಹುಳು ಹಣ್ಣಾಗಿದ್ದವಂತೆ. ಹಣ್ಣಾದ ಹುಳು ಸೊಪ್ಪು ಮುಟ್ಟೋದಿಲ್ಲ. ಮೈ ಹಳದಿಯಾಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ಜಾಗ ಹುಡುಕುತ್ತದೆ. ಸೊಪ್ಪು ಮೇಯುವ ಸರಸರ ಸದ್ದು ನಿಂತಿದ್ದೇ ಅಮ್ಮನಿಗೆ ಕೈಕಾಲು ಆಡಲಿಲ್ಲ. ಅಕ್ಕ ಯಾರನ್ನೂ ಕೇಳದೆ ನೇರ ಖಾಲಾ ಮನೆಗೆ ಓಡಿದ್ದಳು. ಹಳೇ ಬಾಕಿ ಇದೆ, ಹೊಸದಕ್ಕೂ ದುಡ್ಡಿಲ್ಲ, ಸಂಜೆಗೆ ಮನೆಗೆ ಬೀಗ ಬೀಳುತ್ತೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ್ದಳು. ಖಾಲಾ ಕೈಗಾಡಿ ತುಂಬ ಚಂದ್ರಿಕೆ ಹೇರಿಸಿಕೊಂಡು ತಾವೇ ಬಂದಿದ್ದರು.

ಒಳಗೆ ಅವರು ನೆಲದ ಮೇಲೆ ಕೂತು ಅಮ್ಮನ ಜೊತೆ ಹಣ್ಣು ಹುಳು ಆಯುತ್ತಿದ್ದರು. ಅಪ್ಪನನ್ನು ನೋಡಿ, "ಊರೆಲ್ಲ ಸುತ್ತಿ ಬಂದ್ಯೇನಪ್ಪಾ? ನಮ್ಮ ಬೀದೀಲಿ ಹುಲಿ ಐತಾ?" ಅಂದರು. ಅಪ್ಪ ಹುಳುವಿನ ತಟ್ಟೆಯ ಮುಂದೆ ಕೂತರು. ನಾನೂ ಕೂತೆ. ತಣ್ಣನೆ, ಮೆತ್ತಗಿನ ಹುಳುಗಳು ಬೆರಳ ಮೇಲೆ ಹರಿದಾಡುತ್ತಿದ್ದವು. ನನ್ನ ಕಿವಿಯೆಲ್ಲ ಬಾಗಿಲ ಕಡೆಗೆ.

ಯಜಮಾನರು ಹೇಳಿದ ಹೊತ್ತಿಗೇ ಬಂದರು. ಕೈಯಲ್ಲಿ ಹಿತ್ತಾಳೆ ಬೀಗ. ಅಪ್ಪ ಎದ್ದು ಹೊಸಿಲ ಹತ್ತಿರ ತಲೆತಗ್ಗಿಸಿ ನಿಂತರು. ಖಾಲಾ ಏಳಲೇ ಇಲ್ಲ.

"ಹಾಕ್ಕೊಳ್ಳಿ ಯಜಮಾನ್ರೇ. ಒಳಗೆ ನನ್ನ ಚಂದ್ರಿಕೆ ಅವೆ. ನಿಮ್ಮ ಬೀಗ ತೆಗೆಯೋವರ್ಗೂ ಅದರ ಬಾಡಿಗೆ ನಿಮ್ಮ ಲೆಕ್ಕಕ್ಕೇ."

ಯಜಮಾನರಿಗೆ ನಗು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. "ಎಲ್ರೂ ಹಿಂಗೇ ಅಂದ್ರೆ ನಾನು ಎಲ್ಲಿಗೆ ಹೋಗ್ಲಮ್ಮ?" ಅಂದರು. ಅವರ ಮಾತೂ ಸುಳ್ಳಲ್ಲ. ಆ ಬಾಡಿಗೆಯಲ್ಲೇ ಅವರ ಸಂಸಾರವೂ ನಡೆಯಬೇಕಿತ್ತು.

ಆಗ ಖಾಲಾ ದನಿ ಇಳಿಸಿದರು. "ಗೂಡು ಮಾರಿದ ದಿನ ಮೊದಲು ನಿಮ್ಮದು. ಉಳಿದ್ರೆ ನನ್ನದು. ಇವರು ತಪ್ಪಿದ್ರೆ ನನ್ನ ಬಾಗಿಲಿಗೆ ಬನ್ನಿ."

ಯಜಮಾನರು ಬೀಗವನ್ನು ಕೈಯಲ್ಲಿ ತಿರುಗಿಸಿದರು. ತಾನೂ ಬಾಡಿಗೆಯಿಂದಲೇ ಬದುಕುವ ಹೆಂಗಸು ತನ್ನ ಸರದಿಯನ್ನು ಹಿಂದಕ್ಕೆ ಹಾಕಿಕೊಂಡ ಮೇಲೆ ಅವರು ಇನ್ನೇನು ಹೇಳಿಯಾರು? ಬೀಗ ಜೇಬಿಗಿಳಿಯಿತು. ಹೋಗುವಾಗ ತಿರುಗಿ, "ಆ ಸೀಮೆಎಣ್ಣೆ ಬುಡ್ಡಿ ದೂರ ಇಡಮ್ಮ, ಹುಳಕ್ಕೆ ವಾಸನೆ ಆಗಲ್ಲ" ಅಂತ ಅಮ್ಮನನ್ನು ಗದರಿ ಹೋದರು.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಹೇಳಿಕೊಳ್ಳೋಕೆ ನನಗೆ ಸಂಕೋಚವೇನಿಲ್ಲ, ಕಷ್ಟಪಟ್ಟೇ ಮಾಡಿದ್ದು. ಕಾಲೇಜಿನಲ್ಲಿ ಮೇಷ್ಟ್ರು ಜಾಮೀನು ಅಂದರೆ ಏನು ಅಂತ ಒಂದು ಗಂಟೆ ವಿವರಿಸಿದರು. ನನಗೆ ನೆಲದ ಮೇಲೆ ಕೂತು ಹುಳು ಆಯುತ್ತಿದ್ದ ಒಬ್ಬ ಹೆಂಗಸು ಕಂಡರು.

ಈಗ ಚಿಕ್ಕಬಳ್ಳಾಪುರದ ಈ ಮೂರನೇ ಮಹಡಿಯಲ್ಲಿ ನಿಮ್ಮಪ್ಪ ಬಾಡಿಗೆಯನ್ನು ಫೋನಿನಲ್ಲೇ ಕಳಿಸುತ್ತಾನೆ. ಓನರ್ ಮುಖವನ್ನು ನೀವು ಕಂಡೇ ಇಲ್ಲ. ಯಾರೂ ನಮ್ಮ ಬಾಗಿಲಲ್ಲಿ ನಿಂತು ಗದರುವುದಿಲ್ಲ, ಅದು ಒಳ್ಳೆಯದೇ. ಆದರೆ ಹೋದ ವಾರ ಪಕ್ಕದ ಮನೆಯವರು ಸದ್ದಿಲ್ಲದೆ ಸಾಮಾನು ಕಟ್ಟಿಕೊಂಡು ಹೊರಟರಲ್ಲ. ಜೊತೆಗೆ ಆಡುತ್ತಿದ್ದ ಹುಡುಗಿ ಯಾಕೆ ಹೋದಳು ತಾತ ಅಂತ ನೀವು ಕೇಳಿದ್ದಿರಿ. ಬಾಡಿಗೆ ಕಟ್ಟೋಕಾಗಲಿಲ್ಲವಂತೆ, ವಾಚ್‌ಮನ್ ಹೇಳಿದ. ಅವರಿಗೂ ನಮಗೂ ನಡುವೆ ಇದ್ದದ್ದು ಒಂದು ಗೋಡೆ. ಅವರು ಬಾಯಿ ಬಿಡಲಿಲ್ಲ. ನಾವೂ ಏನಮ್ಮ, ಹೇಗಿದ್ದೀರಿ ಅಂತ ಒಂದು ದಿನವೂ ಕೇಳಲಿಲ್ಲ.