ಅಜ್ಜಿಯ ಕೋಲಿನ ಸಾಕೆಟ್ಟು

ಅಪ್ಪ ಚನ್ನರಾಯಪಟ್ಟಣದಲ್ಲಿ ಲಾರಿ ಮೆಕ್ಯಾನಿಕ್ಕಾಗಿದ್ದರು. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಉಳಿದದ್ದು, ಯುದ್ಧಕಾಲದ ಲಾರಿಯೊಂದರ ಜೊತೆ ಬಂದಿದ್ದ, ನಟ್ಟಿನ ಮೇಲೆ ಟೋಪಿಯಂತೆ ಕೂರಿಸಿ ಬಿಚ್ಚುವ ಉಕ್ಕಿನ ಸಾಕೆಟ್ಟುಗಳ ಪೆಟ್ಟಿಗೆ. ಅದರಲ್ಲಿ ಒಂದು ಗುಳಿ ಮಾತ್ರ ಖಾಲಿ. ಅದನ್ನು ಹಿಡಿದುಕೊಂಡು ಕೆಲಸ ಕೇಳಲು ಹೋದಾಗ, ಹಾಸನದ ಗ್ಯಾರೇಜೊಂದರ ಯಜಮಾನರು ಮುಚ್ಚಳ ತೆಗೆದು ನೋಡಿ, "ಅಲ್ಲು ಬಿದ್ದೋದ ಬಾಯಿ ತಂದಂಗೆ ತಂದಿದ್ದೀಯಲ್ಲಯ್ಯ. ಪೂರ್ತಿ ಮಾಡ್ಕಂಡ್ ಬಾ, ಕೆಲಸ ಕೊಡ್ತೀನಿ" ಅಂದರು.

ಅಕ್ಕಪಕ್ಕದವುಗಳ ಮೇಲೆ ಕೊರೆದ ಅಳತೆ ಓದಿ, ಇಲ್ಲದ್ದು ಯಾವುದೆಂದು ತಿಳಿದುಕೊಂಡೆ. ಹೊಳೆನರಸೀಪುರದ ಗುಜರಿಯಲ್ಲಿ ಹುಡುಕಿದೆ, ಅರಕಲಗೂಡಿಗೂ ಹೋಗಿ ಬಂದೆ. ಎಲ್ಲೂ ಸಿಗಲಿಲ್ಲ.

ಬರಿಗೈಲಿ ಬಂದು ಜಗುಲಿಯ ಮೇಲೆ ಕೂತಿದ್ದೆ. ಅಜ್ಜಿ ಊರುಗೋಲು ಟಣ್ ಟಣ್ ಎನ್ನಿಸುತ್ತ ಹಿತ್ತಿಲಿಂದ ಬಂದಳು. ದಿನಾ ಕೇಳುತ್ತಿದ್ದ ಸದ್ದು. ಅವತ್ತು ಕೋಲಿನ ತುದಿ ನೋಡಿದೆ. ಸಾಕೆಟ್ಟು ಅಲ್ಲಿತ್ತು.

"ಕೋಲು ಸವೀತದೆ ಅಂತ ನಿಮ್ಮಪ್ಪನೇ ಆಕ್ಕೊಟ್ಟಿದ್ದು ಕಣ್ಲಾ" ಎಂದ ಅಜ್ಜಿ, ನಾನು ಬೇಡವೆನ್ನುವಷ್ಟರಲ್ಲಿ ಅದನ್ನು ಕಲ್ಲಿಗೆ ಕುಟ್ಟಿ ಬಿಡಿಸಿದಳು. "ತಗಂಡೋಗು. ಕೋಲು ಸವೆಯೋ ಒತ್ಗೆ ನಾನೇ ಸವೆದೋಗಿರ್ತೀನಿ."

ಅಂಚು ಸವೆದಿದ್ದರೂ ಅದು ಗುಳಿಯಲ್ಲಿ ಸರಿಯಾಗಿ ಕೂತಿತು. ಕೆಲಸವೂ ಸಿಕ್ಕಿತು. ಖುಷಿಯಾಗಬೇಕಿತ್ತು, ಏನೂ ಆಗಲಿಲ್ಲ. ರಜೆಯಲ್ಲಿ ಊರಿಗೆ ಬಂದರೆ ಮನೆ ಸುಮ್ಮನಿರುತ್ತಿತ್ತು. ಅಜ್ಜಿ ಯಾವಾಗ ಬಂದು ಪಕ್ಕದಲ್ಲಿ ಕೂತಳೆಂಬುದೇ ನನಗೆ ತಿಳಿಯುತ್ತಿರಲಿಲ್ಲ.